ಬಲಗೈಯ ನಾಡಿ ಮತ್ತು ನನ್ನ ‘ಪರವಾಗಿಲ್ಲ’

ಅಕ್ಕಿ ತೊಳೆಯುವಾಗ ಗೊತ್ತಾಯಿತು.

ಪಾತ್ರೆಯ ನೀರಿಗೆ ಎರಡೂ ಕೈ ಹಾಕಿದ್ದೆ. ಎಡಗೈಗೆ ನೀರು ತಣ್ಣಗೆ ತಾಗಿತು. ಬಲಗೈಗೆ ತಾಗಲೇ ಇಲ್ಲ. ನೀರಿಗಿಂತ ಕೈಯೇ ತಣ್ಣಗಿತ್ತು. ಒಂದು ಅಕ್ಕಿ ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಹಿಸುಕಿ ನೋಡಿದೆ. ಕಾಳು ಇರುವುದು ಕಣ್ಣಿಗೆ ಕಂಡಿತು. ಬೆರಳಿಗೆ ತಿಳಿಯಲಿಲ್ಲ.

ಆಂಜಿಯೋಗ್ರಾಂ ಮುಗಿಸಿಕೊಂಡು ಹಿಂದಿನ ದಿನವಷ್ಟೇ ಮನೆಗೆ ಬಂದಿದ್ದೆ.

“ವಿಮಲಾ, ಅಡುಗೆಮನೇಲಿ ಏನು ಮಾಡ್ತಿದೀಯ?” ಹೊರಗಿನ ಕೋಣೆಯಿಂದ ನಮ್ಮ ಮನೆಯವರ ಧ್ವನಿ.

“ಅಕ್ಕಿ ತೊಳೀತಿದೀನಿ.”

“ಹಾರ್ಟ್ ಪೇಷೆಂಟು ಅಕ್ಕಿ ತೊಳೆಯೋದು ಎಲ್ಲಾದ್ರೂ ಕೇಳಿದೀಯಾ? ಬಿಡು ಅದನ್ನ, ನಾನು ಮಾಡ್ತೀನಿ. ಕೈ ಹೇಗಿದೆ?”

“ಪರವಾಗಿಲ್ಲ,” ಎಂದೆ.

ಆಮೇಲೆ ಆದದ್ದನ್ನೆಲ್ಲ ಕೂತು ಯೋಚಿಸಿದರೆ, ನನ್ನ ಕೈಗೆ ತೊಂದರೆ ಮಾಡಿದ್ದರಲ್ಲಿ ಈ ಒಂದು ಮಾತಿನ ಪಾಲೂ ಸಾಕಷ್ಟಿದೆ ಅನ್ನಿಸುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಲಗೈಯಲ್ಲೇ ಬರೆಯುತ್ತಿದ್ದೇನೆ. ನಡುನಡುವೆ ನಿಲ್ಲಿಸಿ, ಬೆರಳು ಮಡಚಿ ಬಿಡಿಸಿ, ಮತ್ತೆ ಬರೆಯುತ್ತೇನೆ.

ನಮ್ಮದು ಶ್ರೀನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಇವರು ಹೋದ ವರ್ಷ ಸರ್ಕಾರಿ ಕೆಲಸದಿಂದ ನಿವೃತ್ತರಾದರು. ಮಗಳು ದೀಪ್ತಿ ಮದುವೆಯಾಗಿ ಹುಳಿಮಾವಿನಲ್ಲಿದ್ದಾಳೆ, ಅಲ್ಲೇ ಒಂದು ಶಾಲೆಯಲ್ಲಿ ಟೀಚರ್. ನಾನು ಮನೆಯಲ್ಲೇ ಕೂತು ಸೀರೆಗಳಿಗೆ ಕುಚ್ಚು ಕಟ್ಟುತ್ತೇನೆ. ರೇಷ್ಮೆ ಸೀರೆಯ ಸೆರಗಿನ ಅಂಚಿಗೆ ಬಣ್ಣದ ದಾರ ಪೋಣಿಸಿ, ಮಣಿ ಸೇರಿಸಿ, ಗಂಟು ಹಾಕಿ ಇಳಿಬಿಡುವ ಕೆಲಸ. ದೀಪ್ತಿ ಹುಟ್ಟುವ ಮೊದಲಿನಿಂದ ಮಾಡುತ್ತಿದ್ದೇನೆ. ಹನುಮಂತನಗರ, ಬನಶಂಕರಿ ಕಡೆಯ ಎಷ್ಟೋ ಮದುವೆಗಳಿಗೆ ನಾನು ಹೋಗಿಲ್ಲ, ನನ್ನ ಕುಚ್ಚು ಹೋಗಿದೆ. ಕಣ್ಣು ಸ್ವಲ್ಪ ಮಂಜಾಗಿದೆ, ಕನ್ನಡಕ ಬಂದಿದೆ. ಆದರೆ ಈ ಕೆಲಸ ನಡೆಯುವುದು ಕಣ್ಣಿನಿಂದಲ್ಲ. ದಾರ ಎಷ್ಟು ಎಳೆದರೆ ಸಾಕು ಎನ್ನುವುದು ಬಲಗೈಯ ಹೆಬ್ಬೆರಳಿಗೆ ಗೊತ್ತಿರುತ್ತದೆ. ಗಂಟು ಸಡಿಲವಾದರೆ ಬಿಚ್ಚಿಕೊಳ್ಳುತ್ತದೆ, ಬಿಗಿಯಾದರೆ ಸೆರಗು ಸುಕ್ಕಾಗುತ್ತದೆ.

ಬಸ್ ಸ್ಟ್ಯಾಂಡಿನಿಂದ ಮನೆಗೆ ಬರುವ ಏರಿನಲ್ಲಿ ಎದೆ ಭಾರವಾಗತೊಡಗಿದ್ದು ಈ ವರ್ಷ. ತರಕಾರಿ ಚೀಲ ಕೆಳಗಿಟ್ಟು ಯಾರದೋ ಮನೆಯ ಕಾಂಪೌಂಡ್ ಹಿಡಿದು ನಿಲ್ಲುತ್ತಿದ್ದೆ. ಗ್ಯಾಸ್ ಅಂದುಕೊಂಡೆ. ಜೀರಿಗೆ ಕಷಾಯ ಕುಡಿದೆ. ಕೊನೆಗೆ ಜಯನಗರದ ಆಸ್ಪತ್ರೆಯಲ್ಲಿ ಟ್ರೆಡ್‌ಮಿಲ್ ಟೆಸ್ಟ್ ಮಾಡಿ, ಅದರಲ್ಲಿ ಏನೋ ವ್ಯತ್ಯಾಸ ಕಂಡು, ಆಂಜಿಯೋಗ್ರಾಂ ಮಾಡಿ ನೋಡಿಬಿಡೋಣ ಎಂದರು. ಮಣಿಕಟ್ಟಿನ ರಕ್ತನಾಳಕ್ಕೆ ಸಣ್ಣ ತೂತು ಮಾಡಿ, ಅಲ್ಲಿಂದ ತೆಳುವಾದ ಕೊಳವೆಯನ್ನು ಹೃದಯದವರೆಗೆ ಕಳಿಸುತ್ತಾರೆ. ತೊಡೆಯ ಮೂಲಕ ಮಾಡುವುದಕ್ಕಿಂತ ಇದು ಸುಲಭ, ಬೇಗ ಎದ್ದು ಓಡಾಡಬಹುದು ಎಂದು ಡಾಕ್ಟರ್ ಮೇಡಂ ಹೇಳಿದರು. ನಿಜವೇ.

ಮೊದಲು ಬಳೆ ತೆಗೆಯಬೇಕಾಯಿತು. ಬಲಗೈಯ ಗಾಜಿನ ಬಳೆಗಳು ಮುಷ್ಟಿಯಲ್ಲಿ ಸಿಕ್ಕಿಕೊಂಡವು. ಸಿಸ್ಟರ್ ಸೋಪು ಹಚ್ಚಿ ಒಂದೊಂದೇ ಜಾರಿಸಿದಳು. ಇವರು ಅವನ್ನು ಕರವಸ್ತ್ರದಲ್ಲಿ ಕಟ್ಟಿ ಪ್ಯಾಂಟ್ ಜೇಬಿಗೆ ಹಾಕಿಕೊಂಡರು. ಅವತ್ತೆಲ್ಲ ಇವರು ಆಸ್ಪತ್ರೆಯಲ್ಲಿ ಎಲ್ಲಿ ನಡೆದರೂ ಬಳೆ ಸದ್ದು. ಕ್ಯಾಂಟೀನಿನಲ್ಲಿ ಒಬ್ಬರು ಹಿಂದೆ ತಿರುಗಿ ಹೆಂಗಸನ್ನು ಹುಡುಕಿದರಂತೆ.

ಆಂಜಿಯೋಗ್ರಾಂ ಮಾಡುವ ಕೋಣೆಯಲ್ಲಿ, ಕ್ಯಾಥ್ ಲ್ಯಾಬ್ ಅನ್ನುತ್ತಾರೆ, ನೋವಾಗಲಿಲ್ಲ. ಬೇಗ ಮುಗಿಯಿತು.

ಕಷ್ಟವಾದದ್ದು ಆಮೇಲೆ. ತೂತಿನಿಂದ ರಕ್ತ ಬರದಿರಲಿ ಎಂದು ಮಣಿಕಟ್ಟಿಗೆ ಒಂದು ಬ್ಯಾಂಡ್ ಹಾಕಿದರು. ಗಡಿಯಾರದ ಬೆಲ್ಟಿನಂಥ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ. ಸಿರಿಂಜಿನಿಂದ ಅದರೊಳಗೆ ಗಾಳಿ ತುಂಬುತ್ತಾರೆ, ಗಾಳಿಯ ಗುಳ್ಳೆ ರಕ್ತನಾಳವನ್ನು ಒತ್ತಿ ಹಿಡಿಯುತ್ತದೆ. ಆಮೇಲೆ ಸ್ವಲ್ಪಸ್ವಲ್ಪವಾಗಿ ಗಾಳಿ ಬಿಡುತ್ತಾ ಬರಬೇಕು. ಬಲಗೈ ದಿಂಬಿನ ಮೇಲೆ, ಅಲುಗಾಡಿಸುವಂತಿಲ್ಲ. ಎಡಗೈಗೆ ಡ್ರಿಪ್. ಮೂಗು ತುರಿಸಿತು. ತುರಿಸಿಕೊಳ್ಳಲು ಕೈಯಿಲ್ಲ. ಇವರು ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದರು. ಎಬ್ಬಿಸಲು ಮನಸ್ಸಾಗಲಿಲ್ಲ.

ಪಕ್ಕದ ಹಾಸಿಗೆಯ ವ್ಯಕ್ತಿಗೂ ಅದೇ ಬ್ಯಾಂಡ್. ಅವರು ಬೆಲ್ಲು ಹೊಡೆದ ಫೋನ್ ತೆಗೆಯಲು ಅದೇ ಕೈ ಚಾಚಿದರು. ಬ್ಯಾಂಡ್ ಸರಿಯಿತು. ಬಿಳಿ ಹಾಸಿಗೆ ಕೆಂಪಾಯಿತು.

ಸಿಸ್ಟರ್ ಓಡಿ ಬಂದು ಒತ್ತಿ ಹಿಡಿದಳು, ನಿಂತಿತು. ಅವರಿಗೇನೂ ಆಗಲಿಲ್ಲ. ಆದದ್ದು ನನಗೆ. ಆ ಕೆಂಪು ನೋಡಿದ ಮೇಲೆ ನಾನು ಆ ಪಟ್ಟಿಯೊಳಗೇ ಬಂದಿಯಾದೆ. ಉಸಿರು ಜೋರಾಗಿ ಬಿಟ್ಟರೂ ಅದು ಬಿಚ್ಚಿಕೊಳ್ಳುತ್ತದೆ ಅನ್ನಿಸಿತು.

ಸಿಸ್ಟರ್ ನನ್ನ ಕಡೆ ಬಂದಳು. ಚಿಕ್ಕ ವಯಸ್ಸಿನವಳು, ನಗುಮುಖ.

“ಆಂಟಿ, ಟೈಟ್ ಇದ್ಯಾ? ಜುಮ್ ಅಂತಿದ್ಯಾ?”

ಟೈಟ್ ಇತ್ತು. ಜುಮ್ ಅನ್ನುವುದು ಮುಗಿದು, ಬೆರಳುಗಳು ಇನ್ಯಾರದೋ ಅನ್ನಿಸುತ್ತಿದ್ದವು. ಹೆಬ್ಬೆರಳ ಉಗುರು ನೇರಳೆ ಬಣ್ಣಕ್ಕೆ ತಿರುಗಿತ್ತು.

“ಪರವಾಗಿಲ್ಲ ಸಿಸ್ಟರ್,” ಎಂದೆ.

ಸ್ವಲ್ಪ ಹೊತ್ತಿನ ಮೇಲೆ ಸಿರಿಂಜು ಹಿಡಿದು ಬಂದಳು. “ಸ್ವಲ್ಪ ಗಾಳಿ ಬಿಡ್ತೀನಿ ಆಂಟಿ.”

“ಬೇಡಮ್ಮ, ಇನ್ನೂ ಸ್ವಲ್ಪ ಹೊತ್ತು ಇರಲಿ. ರಕ್ತ ಬಂದ್ಬಿಟ್ರೆ? ನನಗೇನೂ ಪರವಾಗಿಲ್ಲ.”

ಅವಳು ಒಂದು ಕ್ಷಣ ನಿಂತಳು. ಅಷ್ಟರಲ್ಲಿ ಆ ಕಡೆಯಿಂದ ಇನ್ಯಾರೋ ಕರೆದರು. ಹೊಸ ಪೇಷೆಂಟನ್ನು ಟ್ರಾಲಿಯಲ್ಲಿ ತರುತ್ತಿದ್ದರು, ಶಿಫ್ಟ್ ಬದಲಾಗುವ ಸಮಯ ಬೇರೆ. ಬರ್ತೀನಿ ಆಂಟಿ ಎಂದು ಹೋದಳು. ಆಮೇಲೆ ಬಂದವಳು ಬೇರೆ ಸಿಸ್ಟರ್. ಅಷ್ಟು ಹೊತ್ತಿಗೆ ಬ್ಯಾಂಡ್ ಇರಬೇಕಾದ್ದಕ್ಕಿಂತ ಬಹಳ ಹೆಚ್ಚು ಹೊತ್ತು, ಇರಬೇಕಾದ್ದಕ್ಕಿಂತ ಬಹಳ ಬಿಗಿಯಾಗಿ ಇತ್ತು. ಇದು ಆಗ ಗೊತ್ತಿರಲಿಲ್ಲ.

ನಮ್ಮ ಕನ್ನಡದಲ್ಲಿ ‘ಪರವಾಗಿಲ್ಲ’ಕ್ಕೆ ಎಷ್ಟು ಅರ್ಥ. ಸೊಸೆ ಹೇಗೆ ಎಂದು ಕೇಳಿದಾಗ ಅತ್ತೆ ‘ಪರವಾಗಿಲ್ಲ’ ಎಂದರೆ ಒಳ್ಳೆಯ ಹುಡುಗಿ ಎಂದು. ಸಾರು ಹೇಗಿದೆ ಎಂದಾಗ ಗಂಡ ‘ಪರವಾಗಿಲ್ಲ’ ಎಂದರೆ ಉಪ್ಪೋ ಹುಳಿಯೋ ಕೈಕೊಟ್ಟಿದೆ ಎಂದು. ಬಸ್ಸಿನಲ್ಲಿ ಕಾಲು ತುಳಿದವರು ಸಾರಿ ಎಂದಾಗ ‘ಪರವಾಗಿಲ್ಲ’ ಎಂದರೆ, ಜೀವ ಹೋಗುತ್ತಿದೆ, ಆದರೂ ನೀವು ಮುಂದೆ ಹೋಗಿ ಎಂದು. ನಾನು ಹೇಳಿದ್ದು ಬಸ್ಸಿನದು. ಸಿಸ್ಟರಿಗೆ ಕೇಳಿಸಿದ್ದು ಸೊಸೆಯದು.

ಸಂಜೆ ಡಾಕ್ಟರ್ ಮೇಡಂ ಬಂದು, “ದೊಡ್ಡದೇನೂ ಇಲ್ಲ. ಒಂದು ಕಡೆ ಸ್ವಲ್ಪ ನ್ಯಾರೋ ಆಗಿದೆ. ಸ್ಟೆಂಟ್ ಬೇಡ, ಮಾತ್ರೆ ಸಾಕು,” ಎಂದರು.

ಇವರ ಕಣ್ಣಲ್ಲಿ ನೀರು. ನನಗೂ.

ಮನೆಗೆ ಬಂದ ಮೇಲೆ ಎರಡು ಮೂರು ದಿನ ಇವರು ಫೋನ್ ಹಿಡಿದೇ ಕೂತಿದ್ದರು. ಮೈಸೂರಿನ ನಾದಿನಿಗೆ, ಹಳೆಯ ಆಫೀಸಿನವರಿಗೆ, ವಾಕಿಂಗ್ ಗೆಳೆಯರಿಗೆ, ಎಲ್ಲರಿಗೂ ಒಂದೇ ಮಾತು: “ಬಚಾವ್ ಆದ್ವಿ. ಬರೀ ಮಾತ್ರೆ.” ಅಷ್ಟೊಂದು ಸಂತೋಷದ ನಡುವೆ, ಕೈ ತಣ್ಣಗಿದೆ ಎನ್ನುವುದನ್ನು ಎಲ್ಲಿ ತುರುಕುವುದು? ಹೃದಯ ಚೆನ್ನಾಗಿದೆ ಎಂದು ಹೇಳಿಸಿಕೊಂಡವಳು ಕೈಯ ಬಗ್ಗೆ ಗೊಣಗಿದರೆ ಅತಿಯಾಸೆ ಅನ್ನಿಸುವುದಿಲ್ಲವೇ? ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ. ಅಲ್ಲಿ ಸ್ವಲ್ಪ ಬೆಚ್ಚಗಿರುತ್ತಿತ್ತು.

ದಿನಗಳು ಹೋದವು. ನನಗೆ ಮೆಟ್ಟಿಲು ಇಳಿಯಲು ಬಿಡಲಿಲ್ಲ. ಅಡುಗೆಮನೆಗೆ ಬಿಡಲಿಲ್ಲ. ಸೊಪ್ಪಿನವನ ಮೈಕು ಕೆಳಗೆ ‘ದಂಟು, ಪಾಲಕ್, ಮೆಂತ್ಯ’ ಎನ್ನುತ್ತಾ ಹೋಗುತ್ತಿತ್ತು. ನಾನು ಕಿಟಕಿಯ ಸರಳು ಹಿಡಿದು ಮೇಲಿನಿಂದ ನೋಡುತ್ತಿದ್ದೆ. ಇವರು ಬಾಡಿದ ಸೊಪ್ಪನ್ನೇ ಆರಿಸುವುದು ಅಲ್ಲಿಂದಲೇ ಕಾಣುತ್ತಿತ್ತು. ಎಲ್ಲರೂ ನನ್ನ ಎದೆಯನ್ನು ಕಾಯುತ್ತಿದ್ದರು. ಕೈಯನ್ನು ಯಾರೂ ನೋಡಲಿಲ್ಲ. ನಾನೂ ತೋರಿಸಲಿಲ್ಲ. ಜಡೆ ಹೆಣೆಯಲು ಹೋದರೆ ಮುಂದೋಳಿನಲ್ಲಿ ಸೆಳೆತ. ಬಕೆಟ್ ಎತ್ತಿದರೆ ಹೆಬ್ಬೆರಳ ಬುಡದಿಂದ ಮೊಳಕೈವರೆಗೆ ಒಂದು ಗೆರೆ ಎಳೆದಂತೆ ನೋವು. ಸೀರೆ ನೆರಿಗೆ ಹಿಡಿಯಲಾಗದೆ ನೈಟಿಯಲ್ಲೇ ಇರತೊಡಗಿದೆ. ಹಾರ್ಟ್ ಪೇಷೆಂಟಿಗೆ ಅದೇ ಆರಾಮ ಎಂದು ಇವರಿಗೆ ಸಮಾಧಾನ.

ಕೆಳಗಿನ ಮನೆಯ ಓನರ್ ನಾಗರತ್ನಮ್ಮ ನೋಡಲು ಬಂದರು. ಅವರಿಗೆ ಮಾತ್ರ ಹೇಳಿದೆ. ಹೇಳಲೇಬೇಕಿತ್ತು, ಅವರ ಮಗಳು ಸುಧಾಳ ಮುಹೂರ್ತದ ಸೀರೆ ನನ್ನ ಬೀರುವಿನಲ್ಲಿತ್ತು. ಅರಿಶಿನ ಬಣ್ಣದ ಸೀರೆ, ಕೆಂಪು ಸೆರಗು, ಕುಚ್ಚು ಕಟ್ಟಲು ಕೊಟ್ಟದ್ದು.

“ನರ ಹಿಡ್ಕೊಂಡಿದೆ ಕಣೆ, ಅಷ್ಟೇ. ಕೊಳವೆ ತೂರಿಸಿದಾರಲ್ಲ, ನರ ಮುನಿಸ್ಕೊಂಡಿರತ್ತೆ. ಎಣ್ಣೆ ಹಚ್ಚಿ ತಿಕ್ಕು,” ಎಂದರು.

ನಮಗೆ ಎಲ್ಲವೂ ನರವೇ. ರಕ್ತ ಹರಿಯುವುದೂ ನರ, ನೋವು ತಿಳಿಸುವುದೂ ನರ, ಇಂಜೆಕ್ಷನ್ನಿಗೆ ಸಿಗದಿರುವುದೂ ನರ. ಅವರೇ ಎಳ್ಳೆಣ್ಣೆ ಬಿಸಿ ಮಾಡಿ ತಂದು ತಿಕ್ಕಿದರು. ನಾನು ಹಲ್ಲು ಕಚ್ಚಿಕೊಂಡೆ.

“ಹೇಗಿದೆ ಈಗ?”

“ಪರವಾಗಿಲ್ಲ,” ಎಂದೆ. ಪ್ರೀತಿಯಿಂದ ತಿಕ್ಕುವವರಿಗೆ ಬೇರೇನು ಹೇಳುವುದು?

ಮರುದಿನ ಇವರು ವಾಕಿಂಗ್ ಹೋದಾಗ ಸೀರೆ ತೆಗೆದೆ. ಸೆರಗು ಮಡಿಲಿಗೆ ಹಾಕಿಕೊಂಡು ದಾರ ಪೋಣಿಸಿದೆ. ಸೂಜಿ ಹಿಡಿದದ್ದು ತಿಳಿಯಲಿಲ್ಲ. ಕಣ್ಣಿಟ್ಟು ನೋಡಿ ಗಂಟು ಹಾಕಿದೆ. ಬಿಚ್ಚಿಕೊಂಡಿತು. ಇನ್ನೊಂದು ಹಾಕಿದೆ, ಈ ಸಲ ಜೋರಾಗಿ ಎಳೆದೆ. ಸೆರಗು ಸುಕ್ಕಾಯಿತು. ಎಷ್ಟು ಎಳೆದೆ ಎಂದು ನನಗೇ ಗೊತ್ತಾಗಲಿಲ್ಲ.

ಸೀರೆ ಮಡಚಿಟ್ಟೆ.

ಕುಚ್ಚು ಕಟ್ಟದ ನಾನು ಯಾರು ಎಂದು ಅವತ್ತು ಮೊದಲ ಸಲ ಯೋಚಿಸಿದೆ. ಇವರಿಗೆ ನಿವೃತ್ತಿ ಕೊಟ್ಟದ್ದು ಸರ್ಕಾರ, ಹಾರ ಹಾಕಿ, ಫೋಟೋ ತೆಗೆದು. ನನ್ನದು ಹೀಗೆ ಒಂದು ಬೆಳಿಗ್ಗೆ, ಯಾರಿಗೂ ಹೇಳದೆ ಆಗಿಬಿಡುತ್ತದೆಯೇ? ಕಿಟಕಿಯ ಹೊರಗೆ ಎದುರುಮನೆಯ ಟೆರೇಸಿನಲ್ಲಿ ಸಂಡಿಗೆ ಒಣಗುತ್ತಿತ್ತು. ಕಾಗೆ ಬಂದು ಕೂತಿತು. ಓಡಿಸಲು ಕೈ ಎತ್ತಿದೆ. ಅಷ್ಟು ದೂರಕ್ಕೆ ನನ್ನ ಕೈ ಯಾವ ಲೆಕ್ಕ.

ಆ ಭಾನುವಾರ ದೀಪ್ತಿ ಬಂದಳು. ಬಂದವಳೇ ನನ್ನ ಬಲಗೈ ನೋಡಿ, “ಏನಮ್ಮ, ಇನ್ನೂ ಬೋಳು ಕೈ? ಅಪ್ಪನ ಜೇಬಲ್ಲೇ ಇದ್ಯಾ ಬಳೆ?” ಎಂದಳು. ಇವರು ಹುಡುಕಿ ತಂದುಕೊಟ್ಟರು. ಅದೇ ಕರವಸ್ತ್ರ, ಗಂಟು ಬಿಚ್ಚಿಯೇ ಇರಲಿಲ್ಲ. ಅವಳು ನನ್ನ ಮುಂದೆ ನೆಲದ ಮೇಲೆ ಕೂತು, ಒಂದು ಬಳೆ ಹಿಡಿದು, ನನ್ನ ಬಲಗೈ ತೆಗೆದುಕೊಂಡಳು.

ಬಳೆ ಕೆಳಗಿಟ್ಟಳು. ಎಡಗೈಯನ್ನೂ ತೆಗೆದುಕೊಂಡಳು. ಎರಡನ್ನೂ ಪಕ್ಕಪಕ್ಕ ಹಿಡಿದಳು.

“ಅಮ್ಮ, ಈ ಕೈ ಯಾಕೆ ಇಷ್ಟು ತಣ್ಣಗಿದೆ?”

“ಪರವಾಗಿಲ್ಲ ಬಿಡೆ.”

“ಪರವಾಗಿಲ್ಲ ಅಂದ್ರೆ ಏನು? ನೋವು ಇದ್ಯಾ, ಇಲ್ವಾ?”

“ಅದೇ, ಅಂಥದ್ದೇನಿಲ್ಲ...”

“ನಾನು ದಿನಾ ಮೂರನೇ ಕ್ಲಾಸಿನ ಮಕ್ಕಳ ಜೊತೆ ಇರ್ತೀನಮ್ಮ. ಹೊಟ್ಟೆನೋವು ಅಂದ್ರೆ ಎಲ್ಲಿ ಅಂತ ಬೆರಳಿಟ್ಟು ತೋರಿಸ್ತವೆ. ನಿನಗಿಂತ ಅವೇ ವಾಸಿ. ಎಲ್ಲಿ ನೋವು, ತೋರಿಸು.”

ತೋರಿಸಿದೆ. ಹೆಬ್ಬೆರಳ ತುದಿ, ಅದರ ಬುಡ, ಮುಂದೋಳಿನ ಗೆರೆ. ಇವರು ಬಾಗಿಲ ಬಳಿ ನಿಂತಿದ್ದರು.

“ದಿನಾ ಕೇಳ್ತಿದ್ನಲ್ಲೆ, ಹೇಗಿದೆ ಅಂತ?” ಎಂದರು. ಕೋಪವಲ್ಲ. ಯಾರೋ ಮೋಸ ಮಾಡಿದರು ಎನ್ನುವ ಹಾಗಿತ್ತು ದನಿ.

ಸೋಮವಾರ ಡಾಕ್ಟರ್ ಮೇಡಂ ನನ್ನ ಬಲಗೈ ಮಣಿಕಟ್ಟಿನ ಮೇಲೆ ಬೆರಳಿಟ್ಟರು. ಬೆರಳು ಸ್ವಲ್ಪ ಸರಿಸಿದರು. ಮತ್ತೆ ಸರಿಸಿದರು.

ನಾಡಿ ಸಿಗಲಿಲ್ಲ.

ಡಾಪ್ಲರ್ ಎನ್ನುವ ಪೆನ್ನಿನಂಥ ಸಾಧನ ತಂದು, ಜೆಲ್ ಹಚ್ಚಿ, ಮೊದಲು ಎಡಗೈ ಮೇಲಿಟ್ಟರು. ಕುಕ್ಕರ್ ಕೂಗುವ ಮೊದಲು ಉಸಿರು ಬಿಡುತ್ತದಲ್ಲ, ಹಾಗೆ ‘ಫುಸ್, ಫುಸ್’ ಎನ್ನುವ ಸದ್ದು ಕೋಣೆ ತುಂಬಿತು. ಬಲಗೈ ಮೇಲಿಟ್ಟರು. ಜೆಲ್ ಕಿರುಗುಟ್ಟಿದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ ಹೆಬ್ಬೆರಳಿಗೆ ಕ್ಲಿಪ್ ಹಾಕಿದರು, ಕೋವಿಡ್ ಕಾಲದಲ್ಲಿ ಎಲ್ಲರ ಮನೆಯಲ್ಲೂ ಇತ್ತಲ್ಲ ಆ ಥರದ್ದು. ಪರದೆಯ ಮೇಲೆ ಅಲೆ ಏಳುತ್ತಾ ಬೀಳುತ್ತಾ ಓಡಿತು.

“ಇಲ್ಲಿ ಅಲೆ ಬರ್ತಾ ಇದೆಯಲ್ಲ ಮೇಡಂ?” ಎಂದರು ಇವರು ಆಸೆಯಿಂದ.

“ಅದು ಈ ಕಡೆಯಿಂದ ಬರ್ತಿರೋ ರಕ್ತ,” ಎಂದು ಡಾಕ್ಟರ್ ನನ್ನ ಮಣಿಕಟ್ಟಿನ ಕಿರುಬೆರಳ ಕಡೆ ಒತ್ತಿ ಹಿಡಿದರು.

ಅಲೆ ಕುಗ್ಗಿತು. ಗೆರೆಯಾಗಿ ಮಲಗಿತು.

ಕೈ ಬಿಟ್ಟರು. ಅಲೆ ಎದ್ದಿತು. ನನಗೂ ಆಗಲೇ ಉಸಿರು ಬಂದದ್ದು.

“ಕೈಗೆ ರಕ್ತ ಕೊಡೋದು ಎರಡು ಆರ್ಟರಿ ಅಮ್ಮ,” ಡಾಕ್ಟರ್ ನಿಧಾನವಾಗಿ ಹೇಳಿದರು. “ಹೆಬ್ಬೆರಳ ಕಡೇದು ರೇಡಿಯಲ್, ಕಿರುಬೆರಳ ಕಡೇದು ಅಲ್ನರ್. ನಾವು ಆಂಜಿಯೋಗ್ರಾಂ ಮಾಡಿದ್ದು ರೇಡಿಯಲ್ ಮೂಲಕ. ಅದ್ರಲ್ಲಿ ರಕ್ತ ಹೆಪ್ಪುಗಟ್ಟಿ ಮುಚ್ಕೊಂಡಿದೆ. ಅಲ್ನರ್ ಚೆನ್ನಾಗಿದೆ, ಹಾಗಾಗಿ ಕೈಗೇನೂ ಅಪಾಯ ಇಲ್ಲ. ತುಂಬಾ ಜನಕ್ಕೆ ಮುಚ್ಕೊಂಡಿರೋದು ಗೊತ್ತೇ ಆಗಲ್ಲ. ನಿಮಗೆ ನೋವು, ಜೋಮು ಇದೆ. ಇದು ನರದ ತೊಂದರೆ ಅಲ್ಲ. ತಿಕ್ಕೋದು ನಿಲ್ಲಿಸಿ.”

ಹೃದಯ ನೋಡಲು ಹೋದ ದಾರಿಯೇ ಮುಚ್ಚಿಕೊಂಡಿತ್ತು. ಹೃದಯ ಚೆನ್ನಾಗಿತ್ತು.

“ಹೆಪ್ಪು ತೆಗೆದುಹಾಕೋಕೆ ಆಗಲ್ವಾ?” ಇವರು ಕೇಳಿದರು.

“ಅದು ಕೊನೇ ದಾರಿ, ಕೆಲವರಿಗೆ ಮಾತ್ರ. ಅವತ್ತೇ ಗೊತ್ತಾಗಿದ್ರೆ ಅಲ್ನರ್ ಕಡೆ ಸ್ವಲ್ಪ ಹೊತ್ತು ಒತ್ತಿ ಹಿಡಿದು, ರಕ್ತ ಈ ಕಡೆ ನುಗ್ಗೋ ಹಾಗೆ ಮಾಡಬಹುದಿತ್ತು. ಎಷ್ಟೋ ಸಲ ಅಷ್ಟಕ್ಕೇ ತೆರ್ಕೊಳ್ಳತ್ತೆ. ಈಗ ದಿನ ಕಳೆದಿದೆ. ಬ್ಲಡ್ ಥಿನ್ನರ್ ಕೊಡ್ತೀನಿ, ಒಂದು ತಿಂಗಳು. ಆಮೇಲೆ ಸ್ಕ್ಯಾನ್ ಮಾಡಿ ನೋಡೋಣ. ತೆರೀಬಹುದು. ತೆರೀದೇ ಇರಲೂಬಹುದು. ತೆರೀದಿದ್ರೆ ಮುಂದೆ ಆಂಜಿಯೋಗ್ರಾಂಗೆ ಈ ಕೈ ಸಿಗಲ್ಲ. ನೋವು ಕ್ರಮೇಣ ಕಡಿಮೆ ಆಗತ್ತೆ, ಎಷ್ಟು ಅಂತ ಹೇಳಕ್ಕಾಗಲ್ಲ.”

“ಡಿಸ್ಚಾರ್ಜ್ ಮಾಡೋವಾಗ ನೀವ್ಯಾಕೆ ನೋಡ್ಲಿಲ್ಲ?” ಇವರ ದನಿ ಏರಿತು.

“ನೋಡಬೇಕಿತ್ತು,” ಎಂದರು ಡಾಕ್ಟರ್. ಅಷ್ಟೇ ಹೇಳಿದರು. ನೆಪ ಹೇಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಬ್ಯಾಂಡ್ ಹಾಕಿದಾಗ ರಕ್ತ ಸೋರಬಾರದು, ಆದ್ರೆ ಆರ್ಟರಿ ಒಳಗೆ ಹರೀತಾನೂ ಇರಬೇಕು. ಅಷ್ಟೇ ಬಿಗಿ ಇರಬೇಕು. ಈಗ ಮಾಡಿದೆನಲ್ಲ, ಕ್ಲಿಪ್ ಹಾಕಿ ಈ ಕಡೆ ಒತ್ತಿ, ಅದೇ ಥರ ಆಗಲೂ ಚೆಕ್ ಮಾಡಬೇಕು. ಬೇಗ ಬೇಗ ಗಾಳಿ ಬಿಡಬೇಕು. ನಿಮ್ಮನ್ನ ಯಾರೂ ಕೇಳಲಿಲ್ವಾ, ಟೈಟ್ ಇದ್ಯಾ ಅಂತ?”

“ಕೇಳಿದ್ರು,” ಎಂದೆ. “ಪರವಾಗಿಲ್ಲ ಅಂದೆ.”

ಡಾಕ್ಟರ್ ಕುರ್ಚಿಗೆ ಒರಗಿದರು. “ನಮ್ಮ ವಾರ್ಡಲ್ಲಿ ಆ ಪದಾನ ಬ್ಯಾನ್ ಮಾಡಬೇಕು ನೋಡಿ,” ಎಂದರು. ದೀಪ್ತಿ ನಕ್ಕಳು. ಇವರು ನಗಲಿಲ್ಲ.

ಅದೇ ಸಿಸ್ಟರ್ ಕಾರಿಡಾರಿನಲ್ಲಿ ಸಿಕ್ಕಳು. ವಿಷಯ ಆಗಲೇ ಅವಳಿಗೆ ಗೊತ್ತಾಗಿತ್ತು. ಮುಖ ಚಿಕ್ಕದಾಗಿತ್ತು.

“ಆಂಟಿ, ನಾನು ಗಾಳಿ ಬಿಡಕ್ಕೆ ಬಂದಿದ್ದೆ. ನೀವೇ ಬೇಡ ಅಂದ್ರಿ.”

“ಹೂಂ. ನಾನೇ ಅಂದಿದ್ದು.”

“ನೀವು ಬೇಡ ಅಂದ್ರೂ ನಾನು ಬಿಡಬೇಕಿತ್ತು.”

ಅವಳು ನನ್ನ ಬೆರಳುಗಳನ್ನು ಮುಟ್ಟಿ ನೋಡಿದಳು, ಉಗುರು ಒತ್ತಿ ಬಣ್ಣ ಬರುವುದನ್ನು ನೋಡಿದಳು. ಅವತ್ತು ಕೇಳುವ ಬದಲು ಹೀಗೆ ಮುಟ್ಟಿದ್ದರೆ, ಎಂದು ನನಗೂ ಅನ್ನಿಸಿತು. ಅವಳಿಗೂ ಅನ್ನಿಸಿರಬೇಕು.

ಆ ತಿಂಗಳನ್ನು ನೆನೆದರೆ ಈಗಲೂ ಉಸಿರು ಕಟ್ಟುತ್ತದೆ. ರಕ್ತ ತೆಳುವಾಗುವ ಮಾತ್ರೆ ಅಂದಮೇಲೆ ಗಾಯವಾದರೆ ಬೇಗ ನಿಲ್ಲುವುದಿಲ್ಲ. ಚಾಕು ಮುಟ್ಟುವಂತಿಲ್ಲ, ಈಳಿಗೆಮಣೆಯಂತೂ ಇವರು ಅಟ್ಟಕ್ಕೇ ಹಾಕಿದರು. ಸೂಜಿ ಮುಟ್ಟುವಂತಿಲ್ಲ. ನೋವಿನ ಮಾತ್ರೆ ಅಂಗಡಿಯಿಂದ ತಂದು ನುಂಗುವಂತಿಲ್ಲ. ಹಲ್ಲುಜ್ಜಿದರೆ ಬೇಸಿನ್ನಿನಲ್ಲಿ ತೆಳು ಕೆಂಪು. ಬಾಗಿಲಿಗೆ ತೊಡೆ ತಗುಲಿದರೆ ನೀಲಿ ಕಲೆ. ಆಸ್ಪತ್ರೆಯಲ್ಲಿ ಮಣಿಕಟ್ಟಿಗೆ ಮಾತ್ರ ಇದ್ದ ಪಟ್ಟಿ ಈಗ ಮನೆಗೆಲ್ಲ ಸುತ್ತಿಕೊಂಡಂತಾಯಿತು. ಒಳಗೆ ಹೆಪ್ಪುಗಟ್ಟಿದ ರಕ್ತ, ಹೊರಗೆ ಹೆಪ್ಪುಗಟ್ಟದ ರಕ್ತ. ನಡುವೆ ನಾನು, ಎರಡಕ್ಕೂ ಹೆದರಿಕೊಂಡು.

ಇವರು ಅಡುಗೆ ಮಾಡಿದರು. ಹುರುಳಿಕಾಯಿಯನ್ನು ಬೆರಳುದ್ದ ಕತ್ತರಿಸಿದರು. “ಹಲ್ಲಿಗೆ ಕೆಲಸ ಬೇಡ್ವಾ?” ಎಂದರು. ನನ್ನ ಜಡೆಯನ್ನೂ ಇವರೇ ಹೆಣೆದರು. ಕನ್ನಡಿಯಲ್ಲಿ ನೋಡಿದರೆ ತೆಂಗಿನ ಹಗ್ಗದಂತಿತ್ತು. ನಕ್ಕೆ. ಆಮೇಲೆ ಸ್ನಾನದ ಮನೆಗೆ ಹೋಗಿ ಅತ್ತೆ.

ಬೆಳಿಗ್ಗೆ ಎದ್ದ ಕೂಡಲೆ ಎಡಗೈ ಬೆರಳಿನಿಂದ ಬಲಗೈ ನಾಡಿ ಹುಡುಕುತ್ತಿದ್ದೆ. ಒಂದೊಂದು ದಿನ ಸಿಕ್ಕಿತು ಅನ್ನಿಸುತ್ತಿತ್ತು. ಆಮೇಲೆ ಅದು ಎಡಗೈ ಬೆರಳಿನದೇ ಬಡಿತ ಎಂದು ಗೊತ್ತಾಗುತ್ತಿತ್ತು.

ಒಂದು ಮಧ್ಯಾಹ್ನ ನಾಗರತ್ನಮ್ಮ ಮೇಲೆ ಬಂದರು. ಕುರ್ಚಿಯ ತುದಿಯಲ್ಲಿ ಕೂತರು. “ಎಣ್ಣೆ ತಿಕ್ಕಿ ನಾನೇ ಜಾಸ್ತಿ ಮಾಡಿದ್ನೇನೋ ಕಣೆ,” ಎಂದರು. ಹಾಗೇನಿಲ್ಲ ಎಂದೆ. ಅವರು ಬಂದದ್ದು ಬೇರೆ ಮಾತಿಗೆ. “ಮದುವೆ ಹತ್ತಿರ ಬಂತು ವಿಮಲಾ. ಆ ಸೀರೆ ಬೇರೆ ಯಾರಿಗಾದ್ರೂ ಕೊಡ್ತೀನಿ. ಬೇಜಾರ್ ಮಾಡ್ಕೋಬೇಡ.”

ಬಾಯಿಗೆ ಬಂದುಬಿಟ್ಟಿತ್ತು. ‘ಪರ’ ಎನ್ನುವಷ್ಟು ಹೊರಗೂ ಬಂತು. ಅಲ್ಲಿಗೆ ನಿಲ್ಲಿಸಿದೆ.

“ಬೇಜಾರಾಗತ್ತೆ,” ಎಂದೆ.

ಅವರು ನನ್ನ ಮುಖ ನೋಡಿದರು. ಇಷ್ಟು ವರ್ಷದಲ್ಲಿ ನಾನು ಅವರಿಗೆ ಅಂಥ ಮಾತು ಹೇಳಿರಲಿಲ್ಲ. ನೀರು ಬರದಿದ್ದರೂ ಪರವಾಗಿಲ್ಲ, ಗೋಡೆ ಸೋರಿದರೂ ಪರವಾಗಿಲ್ಲ ಅಂದವಳು.

“ತುಂಬಾ ಬೇಜಾರಾಗತ್ತೆ. ಸುಧಾ ಹುಟ್ಟಿದಾಗಿಂದ ನೋಡಿದೀನಿ, ಅವಳ ಸೀರೆ ನಾನೇ ಕಟ್ಟಬೇಕು ಅಂತಿತ್ತು. ಆದ್ರೆ ತಗೊಂಡು ಹೋಗಿ. ಸೆರಗಿನ ತುದೀಲಿ ಒಂದು ಕಡೆ ನಾನು ಸುಕ್ಕು ಮಾಡಿದೀನಿ, ಕಟ್ಟೋರಿಗೆ ಹೇಳಿ, ಸರಿ ಮಾಡ್ತಾರೆ.”

ಅವರು ಎದ್ದು ಬಂದು ನನ್ನ ಪಕ್ಕ ಮಂಚದ ಮೇಲೆ ಕೂತರು. ಬಹಳ ಹೊತ್ತು ಕೂತಿದ್ದರು. ಸೀರೆ ತೆಗೆದುಕೊಂಡು ಹೋದರು. ಹೋದ ಮೇಲೆ, ವಿಚಿತ್ರವೆಂದರೆ, ಆ ತಿಂಗಳಲ್ಲಿ ಮೊದಲ ಸಲ ಮನೆ ಸ್ವಲ್ಪ ದೊಡ್ಡದಾದಂತೆ ಅನ್ನಿಸಿತು.

ಮದುವೆಗೆ ಹೋಗಿದ್ದೆ. ಬನಶಂಕರಿಯ ಛತ್ರ. ಕುಚ್ಚು ಚೆನ್ನಾಗಿತ್ತು. ನನ್ನದರಷ್ಟು ಅಲ್ಲ.

ತಿಂಗಳು ಮುಗಿದು ಸ್ಕ್ಯಾನಿಗೆ ಹೋದೆವು. ಇವರು ಹೊರಗೆ ಕೂತರು. ನಾನು ಕೈ ಚಾಚಿ ಮಲಗಿದೆ. ಜೆಲ್ ತಣ್ಣಗೆ ತಾಗಿತು. ತಣ್ಣಗೆ ತಾಗಿತು ಎನ್ನುವುದೇ ನನಗೆ ಆಮೇಲೆ ಹೊಳೆದದ್ದು. ಡಾಕ್ಟರ್ ಮೇಡಂ ಪರದೆ ನೋಡುತ್ತಿದ್ದರು. ಹೆಬ್ಬೆರಳಿಗೆ ಕ್ಲಿಪ್ ಹಾಕಿ, ಕಿರುಬೆರಳ ಕಡೆ ಒತ್ತಿ ಹಿಡಿದರು. ನಾನು ಕಣ್ಣು ಮುಚ್ಚಿದೆ.

“ಪರವಾಗಿಲ್ಲ,” ಎಂದರು ಡಾಕ್ಟರ್.

ಕಣ್ಣು ತೆರೆದೆ. “ಯಾವ ಪರವಾಗಿಲ್ಲ ಮೇಡಂ?”

ಅವರಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಜೋರಾಗಿ ನಕ್ಕರು. ಪರದೆಯನ್ನು ನನ್ನ ಕಡೆ ತಿರುಗಿಸಿದರು. ಅಲೆ ಇತ್ತು. ಸಣ್ಣದು, ಗೆರೆಗಿಂತ ಸ್ವಲ್ಪ ಮೇಲೆ, ಆದರೆ ಏಳುತ್ತಿತ್ತು, ಬೀಳುತ್ತಿತ್ತು.

“ಪೂರ್ತಿ ತೆರ್ದಿಲ್ಲ. ತೆಳುವಾಗಿ ಹರೀತಿದೆ. ನಿಂತಿದ್ದ ಕಡೆ ಹರಿಯೋಕೆ ಶುರುವಾಗಿರೋದು ಒಳ್ಳೇದು. ಇನ್ನೂ ಸ್ವಲ್ಪ ದಿನ ಮಾತ್ರೆ ಮುಂದುವರಿಸೋಣ. ಮೊದಲಿನ ಥರ ಆಗತ್ತೆ ಅಂತ ನಾನು ಮಾತು ಕೊಡಲ್ಲ. ಸರಿನಾ?”

“ಸರಿ,” ಎಂದೆ. ಅವರು ಹೇಳಿದ್ದರಲ್ಲಿ ನನಗೆ ಅರ್ಥವಾಗದ್ದು ಏನೂ ಇರಲಿಲ್ಲ. ಅದೇ ದೊಡ್ಡ ಸಮಾಧಾನ.

ಈಗ ಮಾತ್ರೆಯೂ ನಿಂತಿದೆ. ಬಳೆ ಮತ್ತೆ ಕೈಗೆ ಬಂದಿದೆ, ಮೊದಲಿಗಿಂತ ಒಂದು ಅಳತೆ ಸಡಿಲದ್ದು. ಯಾರಾದರೂ ಆಂಜಿಯೋಗ್ರಾಂಗೆ ಹೋಗುತ್ತೇವೆ ಎಂದರೆ ಒಂದು ಮಾತು ಹೇಳುತ್ತೇನೆ: ಬಿಗಿ ಇದ್ದರೆ ಬಿಗಿ ಇದೆ ಎನ್ನಿ, ಮನೆಗೆ ಹೊರಡುವ ಮೊದಲು ನಾಡಿ ನೋಡಿ ಎಂದು ಕೇಳಿ. ಹೆಚ್ಚಿಗೆ ನನಗೆ ಗೊತ್ತಿಲ್ಲ.

ಮೊನ್ನೆ ಸಂಜೆ ನನ್ನದೇ ಒಂದು ಹಳೆಯ ಸೀರೆ ತೆಗೆದು ಕೂತೆ. ಯಾರಿಗೂ ಕೊಡುವುದಲ್ಲ, ಸುಮ್ಮನೆ. ದಪ್ಪ ದಾರ ಪೋಣಿಸಿದೆ. ಗಂಟು ಹಾಕಿ ಎಳೆದೆ. ಹೆಬ್ಬೆರಳಿಗೆ ಎಲ್ಲೋ ದೂರದಲ್ಲಿ, ಗೋಡೆಯ ಆಚೆ ಯಾರೋ ಮಾತಾಡಿದಷ್ಟು ಮೆಲ್ಲಗೆ, ದಾರ ತಿಳಿಯಿತು. ನಿಲ್ಲಿಸಿದೆ. ಸೆರಗು ಸುಕ್ಕಾಗಿರಲಿಲ್ಲ. ಗಂಟು ನಿಂತಿತ್ತು. ಎರಡನೆಯದು ಬಿಚ್ಚಿಕೊಂಡಿತು. ಅದನ್ನು ಮತ್ತೆ ಹಾಕಿದೆ.

ಇವರು ಟಿವಿ ನೋಡುತ್ತಿದ್ದರು. ಎಂದಿನಂತೆ, ತಿರುಗದೆಯೇ ಕೇಳಿದರು, “ಕೈ ಹೇಗಿದೆ?”

“ಬೆಳಿಗ್ಗೆ ತಣ್ಣಗಿರತ್ತೆ, ಬಿಸಿಲು ಬಂದ ಮೇಲೆ ಸರಿಹೋಗತ್ತೆ. ಹೆಬ್ಬೆರಳ ತುದಿ ಇನ್ನೂ ಅರ್ಧ ಜೋಮು. ಬಕೆಟ್ ಎತ್ತಿದ್ರೆ ಮೊಳಕೈವರೆಗೂ ಎಳೆಯತ್ತೆ, ಹಾಗಾಗಿ ನಾಳೆಯಿಂದ ನೀವೇ ಎತ್ತಿ. ಗಂಟು ಒಂದು ನಿಂತಿದೆ, ಒಂದು ನಿಂತಿಲ್ಲ.”

“ಅಬ್ಬ. ಕೇಳಿದ್ದೇ ತಪ್ಪಾಯ್ತು ನಂದು,” ಎಂದರು. ಆಮೇಲೆ, “ಅಷ್ಟೇನಾ?”

“ಇನ್ನೂ ಇದೆ.”

ಇವರು ಟಿವಿಯ ಸೌಂಡ್ ಕಡಿಮೆ ಮಾಡಿ, ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು ಕೂತರು.